ಜನವರಿ ಆಕಾಶ: 25ಕ್ಕೆ ಗ್ರಹಗಳೆಲ್ಲ ಸಾಲಾಗಿ ನಿಲ್ಲುತ್ತವಂತೆ, ನಿಜವಾ?

ತಾರಸಿ ಮನೆ · 6 ಜನವರಿ 2025, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಎರಡು ವಿಷಯ ಕೇಳಬೇಕಿತ್ತು.

ಮೊದಲನೆಯದು, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಬಂದ ಒಂದು ಮೆಸೇಜು. ಜನವರಿ 25ರ ರಾತ್ರಿ ಗ್ರಹಗಳೆಲ್ಲ ಒಂದೇ ಗೆರೆಯಲ್ಲಿ ನಿಲ್ಲುತ್ತವಂತೆ. ನಾನೂರು ವರ್ಷಕ್ಕೊಮ್ಮೆ ಮಾತ್ರ ಹೀಗಾಗೋದಂತೆ. ಜೊತೆಗೆ ಒಂದು ಚಿತ್ರ, ಮಣಿ ಪೋಣಿಸಿದ ಹಾಗೆ ಬಣ್ಣಬಣ್ಣದ ಏಳು ಗುಂಡುಗಳು. ನನ್ನ ಮಗ ಐದನೇ ಕ್ಲಾಸು. ಕ್ಯಾಲೆಂಡರಿನಲ್ಲಿ 25ಕ್ಕೆ ಕೆಂಪು ಸುತ್ತು ಹಾಕಿ ಕೂತಿದ್ದಾನೆ. ನಿಜವಾಗಲೂ ಏನು ಕಾಣುತ್ತೆ? ಬೆಂಗಳೂರಿನ ತಾರಸಿಯಿಂದ ಕಾಣುತ್ತಾ, ಇಲ್ಲಾ ಊರ ಹೊರಗೆ ಹೋಗಬೇಕಾ?

ಎರಡನೆಯದು, ಅವನ ಹುಟ್ಟಿದಹಬ್ಬಕ್ಕೆ ಅಂತ ಟೆಲಿಸ್ಕೋಪ್ ತಂದೆವು. ಡಬ್ಬದ ಮೇಲೆ "525 ಪಟ್ಟು" ಅಂತ ದೊಡ್ಡದಾಗಿ ಬರೆದಿದೆ, ಶನಿಯ ಬಳೆ ಎಲ್ಲ ಪ್ರಿಂಟ್ ಹಾಕಿದ್ದಾರೆ. ಮೂರು ರಾತ್ರಿ ಒದ್ದಾಡಿದೆವು. ನಡುನೆತ್ತಿಯ ಕಡೆ ಹೊಳೆಯೋ ದೊಡ್ಡ ಚುಕ್ಕಿಗೆ ಹಿಡಿದರೆ ಕಾಣೋದು ಒಂದು ಉದ್ದಿನವಡೆ. ಉತ್ಪ್ರೇಕ್ಷೆ ಅಲ್ಲ, ನಿಜವಾಗಲೂ ವಡೆ. ದುಂಡಗೆ, ಬೆಳ್ಳಗೆ, ನಡುವೆ ತೂತು. ಅಂಗಡಿಯವರಿಗೆ ಫೋನ್ ಮಾಡಿದರೆ "ಮೇಡಂ, ಗ್ರಹ ಹಾಗೇ ಇರೋದು" ಅಂದರು.

ಹುಬ್ಬಳ್ಳಿ ಮಿರ್ಚಿ · 6 ಜನವರಿ

ವಡೆ ಕಂಡರೆ ಒಳ್ಳೇದೇ ಅಲ್ಲೇನ್ರೀ. ಚಟ್ನಿ ಎಲ್ಲೈತಿ ಅಂತ ಹುಡುಕ್ರಿ.

ಬೈನಾಕ್ಯುಲರ್ ಭಕ್ತ · 6 ಜನವರಿ

ಅಕ್ಕ, ಟೆಲಿಸ್ಕೋಪ್ ಕೆಟ್ಟಿಲ್ಲ. ನಿಮ್ಮದು ಕನ್ನಡಿ ಇರೋ ಟೆಲಿಸ್ಕೋಪು. ಕೊಳವೆಯ ಬಾಯಿ ಹತ್ತಿರ ಒಂದು ಚಿಕ್ಕ ಕನ್ನಡಿ ಅಡ್ಡ ಕೂತಿರುತ್ತೆ. ಫೋಕಸ್ ತಪ್ಪಿದಾಗ ಆ ಚಿಕ್ಕ ಕನ್ನಡಿಯ ನೆರಳೇ ವಡೆಯ ತೂತಾಗಿ ಕಾಣುತ್ತೆ. ಕಣ್ಣಿಟ್ಟು ನೋಡೋ ಮಸೂರ, ಅಂದರೆ ಐಪೀಸ್, ಅದರ ಪಕ್ಕದಲ್ಲಿ ತಿರುಗಿಸೋ ಗುಂಡಿ ಇದೆಯಲ್ಲ, ಅದನ್ನು ನಿಧಾನಕ್ಕೆ ಒಂದು ಕಡೆಗೆ ತಿರುಗಿಸಿ. ವಡೆ ದೊಡ್ಡದಾದರೆ ತಪ್ಪು ದಿಕ್ಕು. ಚಿಕ್ಕದಾಗ್ತಾ ಆಗ್ತಾ ತೂತು ಮುಚ್ಚಿಕೊಂಡು ಪುಟ್ಟ ಬಟಾಣಿ ಆಗಬೇಕು. ಅಲ್ಲಿಗೆ ನಿಲ್ಲಿಸಿ.

ಆ 525ರ ಕಥೆ ಕೇಳಿ. ಡಬ್ಬದಲ್ಲಿ 76 ಮಿ.ಮೀ. (ಕನ್ನಡಿಯ ಅಗಲ), 700 ಮಿ.ಮೀ. (ಫೋಕಸ್ ದೂರ) ಅಂತ ಎರಡು ಅಂಕಿ ಇರಬೇಕು, ನೋಡಿ. 4 ಮಿ.ಮೀ. ಐಪೀಸ್ ಹಾಕಿದರೆ 700 ಭಾಗಿಸು 4, ಅಂದರೆ 175. ಅದಕ್ಕೆ ಬಾರ್ಲೋ ಅಂತ ಮೂರು ಪಟ್ಟು ಹಿಗ್ಗಿಸೋ ಇನ್ನೊಂದು ಮಸೂರ ಸೇರಿಸಿ 525 ಅಂತಾರೆ. ಲೆಕ್ಕ ಸರಿ, ಉಪಯೋಗ ಸೊನ್ನೆ. ಕನ್ನಡಿ ಎಷ್ಟು ಮಿ.ಮೀ. ಇದೆಯೋ ಅದರ ಎರಡರಷ್ಟು ಪಟ್ಟು ತನಕ ಮಾತ್ರ ಚಿತ್ರ ಚೆನ್ನಾಗಿರುತ್ತೆ. 76ಕ್ಕೆ 150, ಅಷ್ಟೇ. ಅದಕ್ಕಿಂತ ಜಾಸ್ತಿ ಹಾಕಿದರೆ ಗಂಜಿ. ಬಾರ್ಲೋನ ಡ್ರಾಯರ್ ಒಳಗೆ ಹಾಕಿ ಮರೆತುಬಿಡಿ. 20 ಮಿ.ಮೀ. ಐಪೀಸ್ ಹಾಕಿ, 35 ಪಟ್ಟು ಸಿಗುತ್ತೆ. ನೀವು ನೋಡಿದ ದೊಡ್ಡ ಚುಕ್ಕಿ ಗುರು. 35 ಪಟ್ಟಿಗೇ ಅವನ ನಾಲ್ಕು ಚಂದ್ರರು ಕಾಣುತ್ತಾರೆ. ನಾಳೆ 7ನೇ ತಾರೀಕು. 1610ರ ಇದೇ ಜನವರಿ 7ಕ್ಕೆ ಗೆಲಿಲಿಯೋ ಅವರಲ್ಲಿ ಮೂವರನ್ನು ಮೊದಲ ಸಲ ಗುರುತು ಹಾಕಿಕೊಂಡಿದ್ದು. ಅವನ ಹತ್ತಿರ ಇದ್ದದ್ದು ಸುಮಾರು 20 ಪಟ್ಟಿನದು.

ಚುಕ್ಕಿ ಲೆಕ್ಕ · 6 ಜನವರಿ

25ರ ವಿಷಯಕ್ಕೆ ಬರ್ತೀನಿ. ಮೆಸೇಜು ಅರ್ಧ ನಿಜ, ಅರ್ಧ ಮಸಾಲೆ.

ನಿಜ ಏನಪ್ಪಾ ಅಂದರೆ, ಈ ತಿಂಗಳು ಪೂರ್ತಿ ಸಂಜೆ ಹೊತ್ತು ನಾಲ್ಕು ಗ್ರಹ ಬರಿಗಣ್ಣಿಗೆ ಕಾಣುತ್ತವೆ. ಪಶ್ಚಿಮದಲ್ಲಿ ಶುಕ್ರ, ಅವನ ಹತ್ತಿರವೇ ಮಂಕಾಗಿ ಶನಿ. ಪೂರ್ವದಲ್ಲಿ ಎತ್ತರಕ್ಕೆ ಗುರು, ಕೆಳಗೆ ಕೆಂಪಗೆ ಮಂಗಳ. ಯುರೇನಸ್, ನೆಪ್ಚೂನ್ ಕೂಡ ಅದೇ ಹೊತ್ತಿಗೆ ಆಕಾಶದಲ್ಲಿ ಇರುತ್ತವೆ, ಆದರೆ ಊರೊಳಗಿನಿಂದ ಬರಿಗಣ್ಣಿಗೆ ಸಿಗಲ್ಲ. ಬುಧ ಈ ಲೆಕ್ಕದಲ್ಲೇ ಇಲ್ಲ. ಅವನು ತಿಂಗಳ ಶುರುವಿನಲ್ಲಿ ಬೆಳಗಿನ ಕಡೆ ಇದ್ದು ಸೂರ್ಯನ ಹಿಂದೆ ಹೋಗ್ತಿದ್ದಾನೆ. ಫೆಬ್ರುವರಿ ಕೊನೆಗೆ ಸಂಜೆಗೆ ಬರುತ್ತಾನೆ. ಹಾಗಾಗಿ ಏಳು ಗುಂಡಿನ ಚಿತ್ರ ಸುಳ್ಳು.

"ಒಂದೇ ಗೆರೆ" ಅನ್ನೋದು ಹೊಸದೇನಲ್ಲ. ಗ್ರಹಗಳೆಲ್ಲ ಸೂರ್ಯನ ಸುತ್ತ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸುತ್ತುತ್ತವೆ, ರೊಟ್ಟಿ ಮೇಲೆ ಇರುವೆ ಓಡಾಡಿದ ಹಾಗೆ. ನಾವೂ ಅದೇ ರೊಟ್ಟಿ ಮೇಲೆ ನಿಂತು ನೋಡ್ತೀವಿ. ಅದಕ್ಕೇ ಯಾವತ್ತು ನೋಡಿದರೂ ಅವು ಸೂರ್ಯ ಚಂದ್ರ ಓಡಾಡೋ ದಾರಿಯಲ್ಲೇ ಸಿಗುತ್ತವೆ. ನಾಲ್ಕು ಒಟ್ಟಿಗೆ ಸಂಜೆಗೇ ಸಿಗೋದು ಸ್ವಲ್ಪ ಅಪರೂಪ, ಆದರೆ ನಾನೂರು ವರ್ಷ ಎಲ್ಲ ಇಲ್ಲ. 2022ರ ಜೂನ್‌ನಲ್ಲಿ ಐದೂ ಗ್ರಹಗಳು ಬೆಳಗಿನ ಜಾವಕ್ಕೆ ಸಾಲಾಗಿ ಇದ್ದವು. ಎಷ್ಟು ಜನ ಎದ್ದು ನೋಡಿದ್ರಿ? ಕೈ ಎತ್ತಿ.

ಮಂಜಿನ ತೋಟ · 7 ಜನವರಿ

2022ರ ಜೂನ್‌ನಲ್ಲಿ ನಾವು ಮಡಿಕೇರಿಯಲ್ಲಿ ಐದು ಗ್ರಹ ಬಿಡಿ, ಎದುರು ಮನೆಯೇ ನೋಡಿರಲಿಲ್ಲ. ಮಳೆ.

ತಾರಸಿ ಮನೆ · 7 ಜನವರಿ

@ಚುಕ್ಕಿ ಲೆಕ್ಕ, ತುಂಬಾ ಥ್ಯಾಂಕ್ಸ್. ಹಾಗಾದರೆ 25ಕ್ಕೇ ಕಾಯೋದು ಬೇಡ ಅಲ್ವಾ? ಈ ತಿಂಗಳು ಯಾವ್ಯಾವ ದಿನ ನೋಡಿದರೆ ಒಳ್ಳೇದು ಅಂತ ಬರೆದರೆ ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸ್ತೀವಿ.

ಚುಕ್ಕಿ ಲೆಕ್ಕ · 7 ಜನವರಿ

ಫ್ರಿಜ್ಜಿಗಾದರೆ ಬರೆಯಲೇಬೇಕು. ಹೊತ್ತು ಯಾವಾಗಲೂ ಸಂಜೆ ಏಳು, ಏಳೂವರೆ. ಬೆಂಗಳೂರಿನ ಲೆಕ್ಕ ಇದು, ಕರ್ನಾಟಕದ ಬೇರೆ ಊರಿಗೆ ಹತ್ತು ಹದಿನೈದು ನಿಮಿಷದವರೆಗೆ ಆಚೀಚೆ.

3, 4ನೇ ತಾರೀಕು ಹೋಗೇ ಬಿಟ್ಟಿತು. ಚಂದ್ರ ಮೊದಲ ದಿನ ಶುಕ್ರನ ಪಕ್ಕ, ಮರುದಿನ ಶನಿಯ ಪಕ್ಕ ಇದ್ದ. ನೋಡಿದವರು ಪುಣ್ಯವಂತರು. ಇವತ್ತು ಅರ್ಧ ಚಂದ್ರ. ಟೆಲಿಸ್ಕೋಪು ಮೊದಲು ಚಂದ್ರನಿಗೇ ಹಿಡಿಯಿರಿ. ಬೆಳಕು ಕತ್ತಲು ಸೇರೋ ಗೆರೆಯ ಮೇಲೆ ಗುಳಿಗಳ ನೆರಳು ಉದ್ದುದ್ದ ಬಿದ್ದಿರುತ್ತೆ. ಹುಣ್ಣಿಮೆ ದಿನ ನೋಡಿದರೆ ಟ್ಯೂಬ್‌ಲೈಟ್ ನೋಡಿದ ಹಾಗೆ, ಏನೂ ಸಿಗಲ್ಲ.

9ರಿಂದ 10ಕ್ಕೆ ಚಂದ್ರ ಕೃತ್ತಿಕೆಯನ್ನು ದಾಟಿ ಹೋಗ್ತಾನೆ. 10ರ ರಾತ್ರಿ ಗುರುವಿನ ಹತ್ತಿರ ಇರುತ್ತಾನೆ, ಪಕ್ಕದಲ್ಲೇ ಕಿತ್ತಳೆ ಬಣ್ಣದ ರೋಹಿಣಿ. ಅವತ್ತೇ ಶುಕ್ರ ನಮ್ಮ ಆಕಾಶದಲ್ಲಿ ಸೂರ್ಯನಿಂದ ಅತಿ ದೂರ ಕಾಣೋದು, 47 ಡಿಗ್ರಿ. ರಾತ್ರಿ ಒಂಬತ್ತರವರೆಗೂ ಮುಳುಗಲ್ಲ. ಟೆಲಿಸ್ಕೋಪಿನಲ್ಲಿ ಅರ್ಧ ಚಂದ್ರನ ಹಾಗೇ ಕಾಣುತ್ತಾನೆ.

13 ಹುಣ್ಣಿಮೆ. 13, 14 ಎರಡೂ ರಾತ್ರಿ ಚಂದ್ರನ ಹತ್ತಿರ ಮಂಗಳ, ಕೈ ಚಾಚಿ ಹಿಡಿದ ಒಂದು ಮುಷ್ಟಿಗಿಂತ ಕಡಿಮೆ ದೂರದಲ್ಲಿ. 16ಕ್ಕೆ ಮಂಗಳ ಸೂರ್ಯನಿಗೆ ನೇರ ಎದುರು. ಅವನು ಮುಳುಗೋ ಹೊತ್ತಿಗೆ ಇವನು ಹುಟ್ಟುತ್ತಾನೆ, ರಾತ್ರಿಯೆಲ್ಲ ಇರುತ್ತಾನೆ.

18 ಶನಿವಾರ. ಶನಿಯನ್ನು ಗುರುತಿಸೋಕೆ ಇದಕ್ಕಿಂತ ಸುಲಭದ ದಿನ ಸಿಗಲ್ಲ. ಹೊಳೆಯೋ ಶುಕ್ರನನ್ನು ಹಿಡೀರಿ, ಅವನ ಎಡಕ್ಕೆ ಎರಡು ಕಿರುಬೆರಳಿನಷ್ಟು ದೂರದಲ್ಲಿ ಶನಿ. ಅದೇ 17, 18ರ ಸುಮಾರಿಗೆ ಮಂಗಳ ಪುನರ್ವಸುವಿನ ಜೋಡಿ ನಕ್ಷತ್ರಗಳ ಪಕ್ಕ ಬಂದು ಮೂರೂ ಸಾಲಾಗುತ್ತವೆ. ವಾಟ್ಸಾಪಿನ ಸಾಲಿಗಿಂತ ನನಗೆ ಈ ಸಾಲೇ ಇಷ್ಟ. 29 ಅಮಾವಾಸ್ಯೆ.

ನಿಮ್ಮ 25? ಅವತ್ತು ಸಂಜೆ ಚಂದ್ರ ಇರಲ್ಲ, ಆಕಾಶ ಕಪ್ಪಗಿರುತ್ತೆ, ಶನಿವಾರ ಬೇರೆ. ಧಾರಾಳವಾಗಿ ನೋಡಿ. 24ಕ್ಕೂ ಅದೇ ಕಾಣುತ್ತೆ, 26ಕ್ಕೂ ಅದೇ.

ಹಳೇ ರೇಡಿಯೋ · 7 ಜನವರಿ

ಈ ಗ್ರಹಗಳು ಸಾಲು ಕಟ್ಟೋ ಸುದ್ದಿ ಕೇಳಿದಾಗೆಲ್ಲ ನನಗೆ 1962 ನೆನಪಾಗುತ್ತದೆ. ಆಗ ನನಗೆ ಒಂಬತ್ತು ವರ್ಷ. ಫೆಬ್ರುವರಿ ಮೊದಲ ವಾರ ಅಷ್ಟಗ್ರಹ ಕೂಟ. ಸೂರ್ಯ, ಚಂದ್ರ, ಐದು ಗ್ರಹ, ಮೇಲೆ ಕೇತು, ಎಂಟೂ ಮಕರ ರಾಶಿಯಲ್ಲಿ. ಪ್ರಳಯವೇ ಆಗುತ್ತದೆ ಅಂತ ದೇಶವಿಡೀ ಹೋಮ, ಭಜನೆ. ನಮ್ಮೂರ ದೇವಸ್ಥಾನದಲ್ಲಿ ಮೂರು ದಿನ ಅಖಂಡ ಭಜನೆ ನಡೆಯಿತು. ಪ್ರಳಯ ಹೇಗೂ ಆಗುತ್ತದಲ್ಲ ಅಂತ ನಾನು ಗಣಿತದ ಮನೆಪಾಠ ಬರೆಯಲೇ ಇಲ್ಲ. ಮಂಗಳವಾರ ಶಾಲೆಯಲ್ಲಿ ಸರಿಯಾಗಿ ಪೆಟ್ಟು ಬಿತ್ತು. ನನ್ನ ಮಟ್ಟಿಗೆ ಅಷ್ಟಗ್ರಹದ ಫಲ ಅಷ್ಟೇ.

ದೊಡ್ಡವನಾದ ಮೇಲೆ ತಿಳಿಯಿತು, ಅವೆಲ್ಲ ಸೂರ್ಯನ ಆಸುಪಾಸೇ ಇದ್ದವು, ಹಾಗಾಗಿ ಹಗಲಿನ ಬೆಳಕಲ್ಲಿ ಮುಚ್ಚಿಹೋಗಿದ್ದವು. ಯಾರಿಗೂ ಕಾಣದೇ ಇರೋದಕ್ಕೆ ಊರೆಲ್ಲ ಹೆದರಿಕೊಂಡಿತ್ತು.

ಹುಬ್ಬಳ್ಳಿ ಮಿರ್ಚಿ · 7 ಜನವರಿ

ಅಜ್ಜಾರ, 1980ರ ಸೂರ್ಯಗ್ರಹಣದ ಕಥೀನೂ ಹೇಳ್ರಿ. ನಮ್ಮಪ್ಪ ಅವತ್ತು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ರಂತೆ. ಈಗಲೂ ಮರುಗುತ್ತಾರೆ.

ಹಳೇ ರೇಡಿಯೋ · 7 ಜನವರಿ

ಫೆಬ್ರುವರಿ 16, 1980. ನಾನಾಗ ಅಂಕೋಲದಲ್ಲಿ ಕೆಲಸದಲ್ಲಿದ್ದೆ. ಪೂರ್ಣಗ್ರಹಣದ ನೆರಳು ಅಲ್ಲಿಂದ ಒಳಗೆ ಬಂದು ರಾಯಚೂರಿನ ಕಡೆ ಹಾದುಹೋಯಿತು. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಎರಡು ನಿಮಿಷಕ್ಕೂ ಜಾಸ್ತಿ ಕತ್ತಲು. ಬೀದಿಯಲ್ಲಿ ನಾಯಿ ಬಿಟ್ಟರೆ ಯಾರಿಲ್ಲ. ಸಮುದ್ರದ ಕಡೆಯಿಂದ ಕಪ್ಪು ಓಡಿ ಬಂದ ಹಾಗಿತ್ತು. ಕಾಗೆಗಳು ಮರಕ್ಕೆ ಹೋಗಿ ಕೂತವು. ನಾನು ಹೊರಗೆ ಇದ್ದೆ. ಮನೆ ಮಾಲೀಕರು ನನ್ನನ್ನು ಸ್ನಾನ ಮಾಡಿಸದೇ ಒಳಗೆ ಬಿಡಲಿಲ್ಲ, ಅದು ಬೇರೆ ಮಾತು.

ರಾತ್ರಿಪಾಳಿ · 8 ಜನವರಿ

ನಿನ್ನೆ ಬೆಳಗಿನ ಜಾವ ಕ್ಯಾಬ್‌ನಲ್ಲಿ ಮನೆಗೆ ಬರುವಾಗ ಗ್ರಹಗಳ ಸಾಲು ನೋಡೇಬಿಟ್ಟೆ! ಇಪ್ಪತ್ತಕ್ಕೂ ಜಾಸ್ತಿ, ಒಂದರ ಹಿಂದೆ ಒಂದು, ರೈಲಿನ ಹಾಗೆ ಹೋದವು.

ಬೈನಾಕ್ಯುಲರ್ ಭಕ್ತ · 8 ಜನವರಿ

ಅದು ಇಂಟರ್‌ನೆಟ್ ಕೊಡೋ ಸ್ಟಾರ್‌ಲಿಂಕ್ ಉಪಗ್ರಹಗಳು ಮಾರಾಯ. ಗ್ರಹ ಇಪ್ಪತ್ತಿದ್ದಿದ್ದರೆ ಜ್ಯೋತಿಷಿಗಳ ಫೀಸು ಎಷ್ಟಾಗ್ತಿತ್ತು ಯೋಚಿಸು.

ಗಣಿತದ ಮೇಷ್ಟ್ರು · 8 ಜನವರಿ

ಫೀಸಿನ ಮಾತು ಬಂದಿದ್ದರಿಂದ ಹೇಳ್ತೀನಿ. ಪಂಚಾಂಗದಲ್ಲಿ ಈಗ "ಕುಜ ವಕ್ರಿ" ಅಂತ ಇರುತ್ತದೆ ನೋಡಿ. ಅದು ಕಣ್ಣಿಗೆ ಕಾಣೋ ವಿಷಯವೇ. ಮಂಗಳ ಈಗ ನಕ್ಷತ್ರಗಳ ನಡುವೆ ಹಿಂದಕ್ಕೆ ಹೋಗ್ತಿದ್ದಾನೆ, ಕರ್ಕಾಟಕದ ಕಡೆಯಿಂದ ಮಿಥುನಕ್ಕೆ. ನಿಜವಾಗಿ ಯಾರೂ ಹಿಂದೆ ಹೋಗ್ತಿಲ್ಲ. ನಮ್ಮ ಬಸ್ಸು ಪಕ್ಕದ ಲಾರಿಯನ್ನು ದಾಟುವಾಗ ಲಾರಿ ಹಿಂದಕ್ಕೆ ಜಾರಿದ ಹಾಗೆ ಕಾಣುತ್ತಲ್ಲ, ಅದೇ. ಭೂಮಿ ಬಸ್ಸು, ಮಂಗಳ ಲಾರಿ. ಮಕ್ಕಳಿಗೆ ವಾರಕ್ಕೊಮ್ಮೆ ಮಂಗಳ ಎಲ್ಲಿದ್ದಾನೆ ಅಂತ ಚುಕ್ಕಿ ಹಾಕಿಸಿ. ತಿಂಗಳೊಳಗೆ ತಾವೇ ಕಂಡುಕೊಳ್ತಾರೆ.

ಸಂಕ್ರಾಂತಿ ಎಳ್ಳು · 8 ಜನವರಿ

14ಕ್ಕೆ ಸಂಕ್ರಾಂತಿ, ಉತ್ತರಾಯಣ ಪುಣ್ಯಕಾಲ ಶುರು. ಸೂರ್ಯ ಉತ್ತರಕ್ಕೆ ತಿರುಗೋ ದಿನ. ಆಕಾಶದ ಪಟ್ಟಿಯಲ್ಲಿ ಅದನ್ನೇ ಬಿಟ್ಟಿದ್ದೀರಲ್ಲ?

ಚುಕ್ಕಿ ಲೆಕ್ಕ · 8 ಜನವರಿ

ಹಬ್ಬ 14ಕ್ಕೇ, ಎಳ್ಳು ಬೆಲ್ಲ ನಾನೂ ತಿಂತೀನಿ. ಆದರೆ ಸೂರ್ಯ ಉತ್ತರಕ್ಕೆ ತಿರುಗಿದ್ದು ಡಿಸೆಂಬರ್ 21ಕ್ಕೆ.

ಸಂಕ್ರಾಂತಿ ಎಳ್ಳು · 8 ಜನವರಿ

ಸಾವಿರಾರು ವರ್ಷದಿಂದ ಲೆಕ್ಕ ಹಾಕಿದವರು ದಡ್ಡರಾ ಹಾಗಾದರೆ?

ಗಣಿತದ ಮೇಷ್ಟ್ರು · 8 ಜನವರಿ

ಯಾರೂ ದಡ್ಡರಲ್ಲ. ಇಬ್ಬರೂ ಸರಿ, ಅಳೆಯೋ ಗೂಟ ಬೇರೆ. ನಮ್ಮ ಸಂಕ್ರಾಂತಿ ನಕ್ಷತ್ರಗಳ ಲೆಕ್ಕದ್ದು: ಸೂರ್ಯ ಮಕರ ರಾಶಿಗೆ ಕಾಲಿಡೋ ದಿನ. ಉತ್ತರಾಯಣ ಋತುವಿನ ಲೆಕ್ಕದ್ದು: ಸೂರ್ಯ ದಕ್ಷಿಣದ ತುದಿ ಮುಟ್ಟಿ ಹಿಂದಿರುಗೋ ದಿನ. ಸುಮಾರು 1700 ವರ್ಷದ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ಓಲಾಡುತ್ತದೆ. ಅದರಿಂದ ಎರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ಅಂತರ ಬೆಳೆಯುತ್ತದೆ. ಈಗ 24 ದಿನ ಆಗಿದೆ. ಪುರಾವೆ ಬೇಕಾ? ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಮಕರ ಸಂಕ್ರಾಂತಿಯ ದಿನ. ತಾರೀಕು ಎಷ್ಟು? ಜನವರಿ 12. ನಮ್ಮ ಸಂಕ್ರಾಂತಿ 14ಕ್ಕೆ ಬಂದಿದೆ, ಕೆಲವು ವರ್ಷ 15ಕ್ಕೂ ಬರುತ್ತದೆ.

ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿ ಸಂಜೆ ಬಿಸಿಲು ನಂದಿಯ ಕೊಂಬಿನ ನಡುವಿಂದ ಹಾದು ಲಿಂಗದ ಮೇಲೆ ಬೀಳುತ್ತದಲ್ಲ, ಟಿವಿಯವರು ಸಾಲುಗಟ್ಟಿ ನಿಂತಿರುತ್ತಾರೆ. ಸೂರ್ಯ ದಕ್ಷಿಣಕ್ಕೆ ಹೋಗುವಾಗಲೂ ಒಮ್ಮೆ ಅದೇ ಜಾಗದಲ್ಲಿ ಮುಳುಗಲೇಬೇಕು. ಅದು ನವೆಂಬರ್ ಕೊನೆಯ ವಾರ. ಆಗ ಹೋಗಿ ನೋಡಿ, ಅದೇ ಬಿಸಿಲು, ಟಿವಿ ಕಮ್ಮಿ.

ಸಂಕ್ರಾಂತಿ ಎಳ್ಳು · 9 ಜನವರಿ

ವಿವೇಕಾನಂದರ ವಿಷಯ ಗೊತ್ತಿರಲಿಲ್ಲ ಮೇಷ್ಟ್ರೇ, ಒಪ್ಪಿದೆ. ಇನ್ನೊಂದು ಡೌಟು. ಹಗಲು ಉದ್ದ ಆಗ್ತಿದೆ ಅಂತೀರಿ, ಹಾಲು ತರೋಕೆ ಹೋದರೆ ಬೆಳಗ್ಗೆ ದಿನಾ ಇನ್ನೂ ಕತ್ತಲೇ ಜಾಸ್ತಿ ಅನ್ನಿಸ್ತಿದೆ. ನನ್ನ ಕಣ್ಣಾ?

ಗಣಿತದ ಮೇಷ್ಟ್ರು · 9 ಜನವರಿ

ಕಣ್ಣು ಸರಿಯಾಗಿದೆ. ಬೆಂಗಳೂರಿನಲ್ಲಿ ವರ್ಷದ ಅತಿ ತಡದ ಸೂರ್ಯೋದಯ ಜನವರಿ ಕೊನೆಯ ಹೊತ್ತಿಗೆ, ಸುಮಾರು 6:46ಕ್ಕೆ. ಸಂಜೆ ಮಾತ್ರ ನವೆಂಬರ್ ಕೊನೆಯಿಂದಲೇ ಉದ್ದವಾಗುತ್ತಾ ಬಂದಿದೆ. ಭೂಮಿ ಈಗ ಸೂರ್ಯನಿಗೆ ಹತ್ತಿರ ಇದ್ದು ಜೋರಾಗಿ ಓಡುತ್ತಿದೆ, ಅಕ್ಷವೂ ವಾಲಿದೆ, ಎರಡೂ ಸೇರಿ ಸೂರ್ಯ ನೆತ್ತಿಗೆ ಬರೋ ಹೊತ್ತನ್ನೇ ಗಡಿಯಾರದಲ್ಲಿ ದಿನಾ ಸ್ವಲ್ಪ ತಡ ಮಾಡುತ್ತವೆ. 4ನೇ ತಾರೀಕು ಸೂರ್ಯನಿಗೆ ಅತಿ ಹತ್ತಿರ ಇದ್ದೆವು, ಸುಮಾರು 14 ಕೋಟಿ 71 ಲಕ್ಷ ಕಿ.ಮೀ. ಚಳಿಗೆ ಸ್ವೆಟರ್ ಹಾಕಿಕೊಂಡು.

ಮಂಜಿನ ತೋಟ · 9 ಜನವರಿ

ನಮ್ಮಜ್ಜಿ ಶುಕ್ರ ಗಿಕ್ರ ಅನ್ನುತ್ತಿರಲಿಲ್ಲ. "ಬೆಳ್ಳಿ ಮೂಡ್ತು, ಏಳ್ರೋ" ಅನ್ನೋರು. ಬೆಳ್ಳಿ ಮೂಡಿದ ಮೇಲೆ ಮಜ್ಜಿಗೆ ಕಡೆಯೋದು. ಗಡಿಯಾರ ಇರಲಿಲ್ಲ. ಬೆಳ್ಳಿ ಈಗ ಸಂಜೆ ಇದೆ ಅಂತೀರಿ. ಹಾಗಾದರೆ ಅವರು ಈಗ ಇದ್ದಿದ್ದರೆ ಎಷ್ಟೊತ್ತಿಗೆ ಏಳುತ್ತಿದ್ದರು?

ಚುಕ್ಕಿ ಲೆಕ್ಕ · 9 ಜನವರಿ

ಅಜ್ಜಿಗೆ ಕೋಳಿಯೂ ಇತ್ತಲ್ಲ! ಶುಕ್ರ ಸುಮಾರು 584 ದಿನಕ್ಕೊಮ್ಮೆ ಸುತ್ತು ಮುಗಿಸಿ ಮತ್ತೆ ಅದೇ ಜಾಗಕ್ಕೆ ಬರುತ್ತಾನೆ. ಕೆಲವು ತಿಂಗಳು ಸಂಜೆ, ಕೆಲವು ತಿಂಗಳು ಬೆಳಗು, ನಡುವೆ ಮಾಯ. ಈ ಸಲ ಮಾರ್ಚ್ ಕೊನೆಯಲ್ಲಿ ನಮಗೂ ಸೂರ್ಯನಿಗೂ ನಡುವೆ ನುಸುಳಿ, ಏಪ್ರಿಲ್‌ನಲ್ಲಿ ಬೆಳಗಿನ ಬೆಳ್ಳಿ ಆಗ್ತಾನೆ. ಆಮೇಲೆ ಮಜ್ಜಿಗೆ ಕಡೆಯಬಹುದು.

ಹುಬ್ಬಳ್ಳಿ ಮಿರ್ಚಿ · 9 ಜನವರಿ

ಹಳ್ಳಿ ಮಂದಿಗೆ ನಕ್ಷತ್ರದ ಹೆಸರು ಹೇಳಿಕೊಡೋದು ಬೇಕಾಗಿಲ್ಲ ನೋಡ್ರಿ. ಮಳೆ ಲೆಕ್ಕ ಎಲ್ಲ ಅದರ ಮ್ಯಾಲೇ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ", "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ". ಆದರೆ ಆ ನಕ್ಷತ್ರ ಆಕಾಶದಾಗ ಯಾವುದು ಅಂತ ಕೇಳಿದರೆ ನಮ್ಮ ಕಾಕಾಗೂ ಗೊತ್ತಿಲ್ಲ.

ಗಣಿತದ ಮೇಷ್ಟ್ರು · 9 ಜನವರಿ

ಗೊತ್ತಿಲ್ಲದೇ ಇರೋಕೆ ಕಾರಣ ಇದೆ. ಆರಿದ್ರಾ ಮಳೆ ಅಂದರೆ ಸೂರ್ಯ ಆರಿದ್ರೆಯ ಕಡೆ ಇರೋ ದಿನಗಳು, ಜೂನ್ ಕೊನೆ. ಆಗ ಅದು ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತದೆ, ಮೇಲೆ ಮೋಡ ಬೇರೆ. ನೋಡಬೇಕಾದರೆ ಆರು ತಿಂಗಳು ಬಿಟ್ಟು ಬರಬೇಕು, ಅಂದರೆ ಈಗಲೇ. ರಾತ್ರಿ ಒಂಬತ್ತಕ್ಕೆ ಪೂರ್ವಕ್ಕೆ ಮುಖ ಮಾಡಿ. ಒಂದೇ ಸಾಲಲ್ಲಿ ಮೂರು ಚುಕ್ಕಿ ಕಾಣುತ್ತಲ್ಲ, ಅದು ಮಹಾವ್ಯಾಧ ಅನ್ನೋ ನಕ್ಷತ್ರಪುಂಜದ ಸೊಂಟ. ಅದರ ಎಡಕ್ಕೆ ಕೆಂಪಗೆ ಇರೋದೇ ಆರಿದ್ರೆ. ಮೂರು ಚುಕ್ಕಿಯ ಗೆರೆಯನ್ನು ಮೇಲಕ್ಕೆ ಎಳೆದರೆ ರೋಹಿಣಿ, ಇನ್ನೂ ಮುಂದೆ ಹೋದರೆ ದ್ರಾಕ್ಷಿ ಗೊಂಚಲಿನ ಹಾಗೆ ಕೃತ್ತಿಕೆ. ಗೆರೆಯನ್ನು ಕೆಳಕ್ಕೆ ಎಳೆದರೆ ಲುಬ್ಧಕ, ಇಡೀ ರಾತ್ರಿ ಆಕಾಶದಲ್ಲೇ ಅತಿ ಹೊಳೆಯೋ ನಕ್ಷತ್ರ. ಮಿನುಗುತ್ತಾ ಬಣ್ಣ ಬದಲಿಸುತ್ತದೆ. ಗುರು ಹಾಗೆ ಮಿನುಗೋದಿಲ್ಲ, ಸುಮ್ನೆ ದಿಟ್ಟಿಸಿ ನೋಡ್ತಾನೆ.

ನ್ಯೂಜೆರ್ಸಿ ಚಳಿ · 10 ಜನವರಿ

ಮೇಷ್ಟ್ರೇ, ನಮ್ಮ ತಂದೆ ಊರಲ್ಲಿ ಅಗಸ್ತ್ಯ ನಕ್ಷತ್ರ ತೋರಿಸುತ್ತಿದ್ದರು. ಇಲ್ಲಿ ಎಷ್ಟು ಹುಡುಕಿದರೂ ಸಿಗ್ತಿಲ್ಲ. ಹನ್ನೆರಡು ವರ್ಷ ಆಯ್ತು ನೋಡಿ.

ಗಣಿತದ ಮೇಷ್ಟ್ರು · 10 ಜನವರಿ

ಎಷ್ಟು ಹುಡುಕಿದರೂ ಸಿಗಲ್ಲ. 37 ಡಿಗ್ರಿ ಅಕ್ಷಾಂಶ ದಾಟಿದ ಮೇಲೆ ಅಗಸ್ತ್ಯ ಹುಟ್ಟೋದೇ ಇಲ್ಲ, ನೀವು 40ರಲ್ಲಿದ್ದೀರಿ. ಇಲ್ಲಿ ರಾತ್ರಿ ಹನ್ನೊಂದಕ್ಕೆ ದಕ್ಷಿಣದಲ್ಲಿ, ಲುಬ್ಧಕನ ಕೆಳಗೆ, ನೆಲದಿಂದ ಒಂದು ಗೇಣಿನ ಮೇಲೆ ಆರಾಮಾಗಿ ಕೂತಿರುತ್ತಾನೆ. ಬದಲಿಗೆ ನಿಮಗೆ ಧ್ರುವ ಎತ್ತರಕ್ಕೆ ಸಿಗುತ್ತದೆ. ನಮಗೆ ಬೆಂಗಳೂರಿನಲ್ಲಿ 13 ಡಿಗ್ರಿ ಮಾತ್ರ, ಎದುರು ಕಟ್ಟಡದ ಹಿಂದೆ.

ರಾತ್ರಿಪಾಳಿ · 10 ಜನವರಿ

ಎದುರು ಕಟ್ಟಡ ಇರಲಿ, ಅದರ ಲೈಟಿನ ಬಗ್ಗೆ ಮಾತಾಡಿ. ನಮ್ಮ ಬೀದಿಯಲ್ಲಿ ಒಬ್ಬರು ಗೇಟಿಗೆ ಸ್ಟೇಡಿಯಂ ಲೈಟು ಹಾಕಿಸಿದ್ದಾರೆ. ಕಳ್ಳರಿಗೆ ಅಂತೆ. ಕಳ್ಳ ಬಂದು ಪುಸ್ತಕ ಓದಬಹುದು, ಅಷ್ಟು ಬೆಳಕು. ಹೋದ ವಾರ ಕರೆಂಟ್ ಹೋದಾಗ ಕೃತ್ತಿಕೆಯಲ್ಲಿ ಆರು ಚುಕ್ಕಿ ಎಣಿಸಿದೆ. ಇಪ್ಪತ್ತು ನಿಮಿಷದ ಸುಖ.

ಬೈನಾಕ್ಯುಲರ್ ಭಕ್ತ · 10 ಜನವರಿ

ಕತ್ತಲು ಬೇಕಂದರೆ ಲಡಾಖಿನ ಹಾನ್ಲೆ. ಸುಮಾರು 4500 ಮೀಟರ್ ಎತ್ತರ. ಅಲ್ಲಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪಿನ ಕನ್ನಡಿ 2 ಮೀಟರ್ ಅಗಲ. ಅದನ್ನು ಓಡಿಸೋದು ಎಲ್ಲಿಂದ ಗೊತ್ತಾ? ನಮ್ಮ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ದಮ್ ಬಿರಿಯಾನಿ ತಿನ್ನೋಕೆ ಬೆಳಗಿನ ಜಾವ ನಾಲ್ಕಕ್ಕೆ ಹೊಸಕೋಟೆಗೆ ಹೋಗೋರಿಗೆಲ್ಲ ನಾನು ಈ ವಿಷಯ ಹೇಳ್ತೀನಿ. ಯಾರೂ ಕಿವಿಗೆ ಹಾಕಿಕೊಳ್ಳಲ್ಲ.

ಹುಬ್ಬಳ್ಳಿ ಮಿರ್ಚಿ · 10 ಜನವರಿ

ಬಿರಿಯಾನಿ ಸಾಲು ನೋಡಿದರೆ ಅದೂ ಗ್ರಹಗಳ ಸಾಲೇ.

ತಾರಸಿ ಮನೆ · 11 ಜನವರಿ

ವರದಿ ಒಪ್ಪಿಸ್ತೀನಿ. 20 ಮಿ.ಮೀ. ಐಪೀಸ್ ಹಾಕಿ ಗುಂಡಿ ತಿರುಗಿಸಿದೆವು. ಮೊದಲು ವಡೆ ಪೂರಿ ಆಯ್ತು. ಇನ್ನೊಂದು ಕಡೆ ತಿರುಗಿಸಿದರೆ ಕೋಡುಬಳೆ, ಆಮೇಲೆ ಬಟಾಣಿ. ಬಟಾಣಿ ಪಕ್ಕ ಸೂಜಿಮೊನೆಯಂಥ ಚುಕ್ಕಿಗಳು, ಒಂದೇ ಗೆರೆಯಲ್ಲಿ! ಮಗ ಕಿರುಚಿದ್ದಕ್ಕೆ ಕೆಳಗಿನ ಮನೆಯವರು ಓಡಿ ಬಂದರು. ಆದರೆ ಒಂದು ನಿಮಿಷಕ್ಕೆಲ್ಲ ಗುರು ಜಾರಿ ಹೋಗ್ತಾನೆ. ಮತ್ತೆ ಹುಡುಕೋಕೆ ಹತ್ತು ನಿಮಿಷ.

ಬೈನಾಕ್ಯುಲರ್ ಭಕ್ತ · 11 ಜನವರಿ

ಶಹಬ್ಬಾಸ್! ಜಾರೋದು ಗುರು ಅಲ್ಲ, ನಿಮ್ಮ ತಾರಸಿ. ಭೂಮಿ ತಿರುಗೋದು ಅಷ್ಟು ಚೆನ್ನಾಗಿ ಇನ್ನೆಲ್ಲೂ ಕಾಣಲ್ಲ.

ಹುಡುಕೋ ಕಷ್ಟಕ್ಕೆ ಹಗಲೇ ಮದ್ದು ಮಾಡಿ. ದೂರದ ಮೊಬೈಲ್ ಟವರೋ ತೆಂಗಿನ ಮರದ ತುದಿಯೋ ನೋಡಿಕೊಳ್ಳಿ. ದೊಡ್ಡ ಕೊಳವೆಯಲ್ಲಿ ಅದು ನಡುವಿಗೆ ಬರಲಿ. ಆಮೇಲೆ ಮೇಲೆ ಗುರಿ ಹಿಡಿಯೋಕೆ ಇರೋ ಪುಟ್ಟ ಕೊಳವೆ, ಅಂದರೆ ಫೈಂಡರು, ಅದರ ಸ್ಕ್ರೂ ತಿರುಗಿಸಿ ಅದರಲ್ಲೂ ಅದೇ ತುದಿ ನಡುವಿಗೆ ತನ್ನಿ. ಇಷ್ಟು ಮಾಡದೇ ಟೆಲಿಸ್ಕೋಪು ಮಾರಿದವರು ಎಷ್ಟೋ ಜನ. ಹಗಲಲ್ಲಿ ಅಪ್ಪಿತಪ್ಪಿಯೂ ಸೂರ್ಯನ ಕಡೆ ತಿರುಗಿಸಬೇಡಿ. ಮಗನೊಬ್ಬನನ್ನೇ ಬಿಡಬೇಡಿ. ಕಣ್ಣು ಹೋದರೆ ಹೋಯ್ತು.

ನ್ಯೂಜೆರ್ಸಿ ಚಳಿ · 14 ಜನವರಿ

ಅಗಸ್ತ್ಯ ಸಿಗದಿದ್ದಕ್ಕೆ ಪರಿಹಾರ ಸಿಕ್ಕಿತು. ಇಲ್ಲಿ 13ರ ರಾತ್ರಿ ಹುಣ್ಣಿಮೆ ಚಂದ್ರ ಮಂಗಳನನ್ನು ನುಂಗಿಯೇಬಿಟ್ಟ! ಒಂಬತ್ತೂವರೆ ಹೊತ್ತಿಗೆ ಅಂಚಿಗೆ ಅಂಟಿಕೊಂಡ ಕುಂಕುಮದ ಬೊಟ್ಟಿನ ಹಾಗಿದ್ದ, ನೋಡ್ತಾ ನೋಡ್ತಾ ಇಲ್ಲ. ಒಂದು ಗಂಟೆ ಬಿಟ್ಟು ಇನ್ನೊಂದು ಕಡೆ ಬಂದ. ಮೈನಸ್ ಚಳಿಯಲ್ಲಿ ಗ್ಯಾರೇಜ್ ಮುಂದೆ ನಿಂತು ಮೂಗು ಹೆಪ್ಪುಗಟ್ಟಿದೆ. ಎಲ್ಲರಿಗೂ ಸಂಕ್ರಾಂತಿ ಶುಭಾಶಯ.

ಚುಕ್ಕಿ ಲೆಕ್ಕ · 14 ಜನವರಿ

ಹೊಟ್ಟೆ ಉರೀತಿದೆ. ನಮಗೆ ಅದು ಹಗಲು ಹೊತ್ತು, ಚಂದ್ರನೂ ಮುಳುಗಿ ಆಗಿತ್ತು. ನಿನ್ನೆ ಸಂಜೆ ಇಲ್ಲಿ ಹತ್ತಿರ ಇದ್ದ, ಅಷ್ಟೇ.

ಮಂಜಿನ ತೋಟ · 14 ಜನವರಿ

ಮಂಗಳ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತೆ ಅಂತ ಪ್ರತಿ ಆಗಸ್ಟ್‌ನಲ್ಲೂ ಮೆಸೇಜ್ ಬರುತ್ತಲ್ಲ, ಅದು ಇದೇನಾ?

ಚುಕ್ಕಿ ಲೆಕ್ಕ · 14 ಜನವರಿ

ಅಲ್ಲ. ಅದು 2003ರ ಆಗಸ್ಟ್‌ನ ಹಳಸಿದ ಅನ್ನ. ಆಗ ಮಂಗಳ ನಮ್ಮಿಂದ ಸುಮಾರು 5.6 ಕೋಟಿ ಕಿ.ಮೀ. ದೂರದಲ್ಲಿದ್ದ. ಮೊನ್ನೆ 12ಕ್ಕೆ ಈ ಸಲದ ಅತಿ ಹತ್ತಿರ, 9.6 ಕೋಟಿ. 2003ರಲ್ಲೂ ಅದು ಬರಿಗಣ್ಣಿಗೆ ಚುಕ್ಕಿಯೇ. ಮುಂದಿನ ಸರದಿ 2027ರ ಫೆಬ್ರುವರಿ. ನಿಜವಾಗಲೂ ಚೆನ್ನಾಗಿರೋದು 2035.

ರಾತ್ರಿಪಾಳಿ · 16 ಜನವರಿ

ವಿಷಯಾಂತರ: ಇಸ್ರೋದ ಸ್ಪೇಡೆಕ್ಸ್ ಉಪಗ್ರಹಗಳು ಇವತ್ತು ಬೆಳಗ್ಗೆ ಬಾಹ್ಯಾಕಾಶದಲ್ಲಿ ಒಂದಕ್ಕೊಂದು ಜೋಡಿಯಾದವು!! ಪಾಳಿ ಮುಗಿಸಿದ್ದಕ್ಕೆ ಸಾರ್ಥಕ ಆಯ್ತು.

ತಾರಸಿ ಮನೆ · 18 ಜನವರಿ, ರಾತ್ರಿ 8:15

ಶನಿ ಸಿಕ್ಕಿದ. ಹೇಳಿದ ಹಾಗೇ ಶುಕ್ರನ ಎಡಕ್ಕೆ ಮಂಕಾಗಿ. ಆದರೆ ಡಬ್ಬದ ಮೇಲಿನ ಬಳೆ ಎಲ್ಲಿ? ಬಟಾಣಿಗೆ ಕಡ್ಡಿ ಚುಚ್ಚಿದ ಹಾಗಿದೆ. ಮಗನಿಗೆ ಸ್ವಲ್ಪ ಬೇಜಾರು.

ಬೈನಾಕ್ಯುಲರ್ ಭಕ್ತ · 18 ಜನವರಿ

ಕಡ್ಡಿ ಕಂಡರೆ ನೀವು ಗೆದ್ದಿರಿ! ಅದೇ ಬಳೆ. ಈ ವರ್ಷ ಅದು ನಮಗೆ ಅಂಚಿನಿಂದ ಕಾಣೋ ವರ್ಷ, ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದ ಹಾಗೆ. ಮಾರ್ಚ್ 23ಕ್ಕೆ ಪೂರ್ತಿ ಅಂಚು, ಆದರೆ ಆಗ ಶನಿ ಸೂರ್ಯನ ಪಕ್ಕ ಇರುತ್ತಾನೆ, ನೋಡೋಕಾಗಲ್ಲ. ಸುಮಾರು 15 ವರ್ಷಕ್ಕೊಮ್ಮೆ ಹೀಗೆ, ಹಿಂದಿನದು 2009. ಮಗನಿಗೆ ಹೇಳಿ, ವರ್ಷ ವರ್ಷ ಒಂದು ಚಿತ್ರ ಬರೆದಿಡಲಿ. ಎಂಟನೇ ಕ್ಲಾಸಿಗೆ ಬರೋ ಹೊತ್ತಿಗೆ ಬಳೆ ಅಗಲ ಆಗಿರುತ್ತೆ.

ಪರ್ತ್ ಕನ್ನಡಿಗ · 20 ಜನವರಿ

ಇಲ್ಲಿ ಸೂರ್ಯ ಮುಳುಗಿದ ಮೇಲೆ ಸಮುದ್ರದ ಮೇಲೆ ಅಟ್ಲಾಸ್ ಧೂಮಕೇತು, ಸಿ/2024 ಜಿ3. ಬಾಲ ಬರಿಗಣ್ಣಿಗೇ ಸಿಕ್ಕಿತು. ನಿಮ್ಮ ಶುಕ್ರ ಶನಿ ಜೋಡಿ ನಮಗೂ ಕಂಡಿತು, ಆದರೆ ನಮ್ಮಲ್ಲಿ ಶನಿ ಇರೋದು ಶುಕ್ರನ ಮೇಲುಗಡೆ ಎಡಕ್ಕೆ. ಚಂದ್ರನಲ್ಲಿ ಮೊಲವೂ ಇಲ್ಲಿ ತಲೆಕೆಳಗೆ.

ಸಂಕ್ರಾಂತಿ ಎಳ್ಳು · 20 ಜನವರಿ

ಮೊಲ ತಲೆಕೆಳಗಾ? ಪಾಪ.

ತಾರಸಿ ಮನೆ · 26 ಜನವರಿ

ನಿನ್ನೆ 25. ಇಡೀ ಅಪಾರ್ಟ್‌ಮೆಂಟು ತಾರಸಿಗೆ ಬಂದಿತ್ತು, ಚಾಪೆ, ಮಂಡಕ್ಕಿ, ಬೋಂಡ ಎಲ್ಲ ಸಮೇತ. ಮೆಸೇಜ್ ಕಳಿಸಿದ ಅಂಕಲ್ "ಸಾಲು ಎಲ್ಲಿ, ಏಳು ಎಲ್ಲಿ" ಅಂತ ಕೇಳುತ್ತಾ ಇದ್ದರು. ಮಗ ಎಲ್ಲರಿಗೂ ರೊಟ್ಟಿ ಮೇಲಿನ ಇರುವೆ ಕಥೆ ಹೇಳಿದ. ಮೂರನೇ ಮಹಡಿ ಅಜ್ಜಿ ಗುರುವನ್ನು ನೋಡಿ "ಇಷ್ಟೇನಾ" ಅಂದರು. ಆಮೇಲೆ ಇನ್ನೂ ಎರಡು ಸಲ ಸಾಲಲ್ಲಿ ನಿಂತು ನೋಡಿದರು.

ಇನ್ನೊಂದು ಪ್ರಶ್ನೆ. ಫೆಬ್ರುವರಿ 1ಕ್ಕೆ ಮದುವೆಗೆ ಕುಂದಾಪುರಕ್ಕೆ ಹೋಗ್ತಿದ್ದೀವಿ, ಛತ್ರ ಬೀಚಿನ ಹತ್ತಿರ. ಟೆಲಿಸ್ಕೋಪು ಕಾರಲ್ಲಿ ಹಿಡಿಸಲ್ಲ. ಬರಿಗಣ್ಣಿಗೆ ಏನಾದರೂ ಸಿಗುತ್ತಾ?

ಚುಕ್ಕಿ ಲೆಕ್ಕ · 26 ಜನವರಿ

ಸಿಗುತ್ತಾ ಅಂದರೆ! 1, 2 ಎರಡೂ ಸಂಜೆ ತೆಳು ಚಂದ್ರ ಶುಕ್ರನ ಹತ್ತಿರ. ನೇರ ಸಮುದ್ರದ ಮೇಲೆ, ಪಶ್ಚಿಮಕ್ಕೆ. ಚಂದ್ರನ ಕಪ್ಪು ಭಾಗವೂ ಬೂದು ಬಣ್ಣಕ್ಕೆ ಕಾಣುತ್ತೆ, ಅದು ಭೂಮಿಯ ಬೆಳಕು. ಊಟದ ಪಂಕ್ತಿ ಎಷ್ಟೊತ್ತಿಗೆ?

ತಾರಸಿ ಮನೆ · 26 ಜನವರಿ

ಏಳೂವರೆಗಂತೆ.

ಚುಕ್ಕಿ ಲೆಕ್ಕ · 26 ಜನವರಿ

ಎರಡನೇ ಪಂಕ್ತಿಗೆ ಕೂತ್ಕೊಳ್ಳಿ.